ಏನೂ ಅನ್ನಿಸುದಿಲ್ಲ ಅಂತ ಬರ್ದಿದ್ದೀಯಲ್ಲ

ಪುಟ್ಟಿ,

ನಿನ್ನ ಮೇಲ್ ಓದಿದೆ. ಪ್ರಿಲಿಮ್ಸ್, ಕ್ಲಾಸು, ಅಮ್ಮನ ಬೈಗುಳ ಎಲ್ಲ ಫೋನಲ್ಲೇ ಗೊತ್ತಾಗಿತ್ತು ಬಿಡು. ಆದ್ರೆ ನಡುವಲ್ಲಿ ಒಂದು ಸಾಲು ಹಾಕಿದ್ದೀಯಲ್ಲ, ಈಗ ಯಾವ ಪೊಯೆಮ್ ಓದಿದ್ರೂ ಮೆಟಫರ್, ಸಿಮಿಲಿ, ಪರ್ಸಾನಿಫಿಕೇಶನ್ ಅಂತ ಅಲಂಕಾರ ಹುಡುಕಿ ಗೆರೆ ಎಳೀತೇನೆ ದೊಡ್ಡಪ್ಪ, ಏನೂ ಅನ್ನಿಸುದೇ ಇಲ್ಲ, ಇನ್ನು ಹೀಗೇ ಆಗಿ ಹೋಗ್ತದಾ ಅಂತ. ಅದು ಓದಿದ ಮೇಲೆ ನಂಗೆ ರಾತ್ರಿ ನಿದ್ದೆ ಸರಿ ಬರ್ಲಿಲ್ಲ ಮಾರಾಯ್ತಿ.

ಹಾಗೆ ಆಗಿ ಹೋಗುದಿಲ್ಲ. ಇದನ್ನು ಮೊದ್ಲು ಹೇಳಿಬಿಡ್ತೇನೆ.

ನಾನು ಮುಂಬಯಿಯ ಮಾಟುಂಗದಲ್ಲಿ ಹೋಟೆಲ್ ಕೆಲಸಕ್ಕಿದ್ದಾಗ ತಾಳಮದ್ದಳೆ ಆದ್ರೆ ಓಡ್ತಿದ್ದೆ. ಯಕ್ಷಗಾನದ್ದೇ ಕಥೆ, ಆದ್ರೆ ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ್ಯ ಹೇಳಿದ ಮೇಲೆ ಅರ್ಥಧಾರಿ ಕೂತಲ್ಲೇ ಮಾತಾಡುದು, ಅಷ್ಟೆ. ಕರ್ಣಭೇದನ ಪ್ರಸಂಗ ಇದ್ದ ರಾತ್ರಿ ಕರ್ಣ ತಾನು ಸೂತಪುತ್ರ ಅಂತಲೇ ಮಾತಾಡ್ತಿದ್ದಾನೆ, ಅವ ಕುಂತಿಯ ಮಗ ಅಂತ ಕೂತವರಿಗೆಲ್ಲ ಗೊತ್ತು, ಕೃಷ್ಣ ಇನ್ನೂ ಆ ಗುಟ್ಟು ಬಾಯಿ ಬಿಟ್ಟಿಲ್ಲ, ಆಗಲೇ ನನ್ನ ಪಕ್ಕದವರು ಕಣ್ಣು ಒರೆಸ್ಲಿಕ್ಕೆ ಶುರು. ಅದಕ್ಕೆ ಡ್ರಮ್ಯಾಟಿಕ್ ಐರನಿ ಅಂತ ಹೆಸರುಂಟು ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ನಿನ್ನ ಅಕ್ಕನ ನೋಟ್ಸ್ ನೋಡುವಾಗ. ಹೆಸರು ಸಿಕ್ಕಿದ್ದಕ್ಕೆ ಆ ರಾತ್ರಿಯ ಸಂಕಟ ಏನೂ ಕಮ್ಮಿ ಆಗ್ಲಿಲ್ಲ, ಇನ್ನೊಮ್ಮೆ ಎದೆಗೆ ಬಂತು. ನಂಗೆ ಸಂಕಟ ಮೊದ್ಲು ಬಂತು, ಹೆಸರು ಆಮೇಲೆ. ನಿಂಗೆ ಪರೀಕ್ಷೆಯವರು ಹೆಸರನ್ನೇ ಮೊದ್ಲು ಹುಡುಕಿಸ್ತಾರೆ. ಏನೂ ಅನ್ನಿಸದೇ ಇರುದು ಅದರಿಂದ ಅಂತ ನಂಗೆ ಕಾಣ್ತದೆ, ನಿನ್ನ ಒಳಗೆ ಎಂತದೂ ಒಣಗಿಲ್ಲ.

ತಾಳಮದ್ದಳೆಯಲ್ಲಿ ಅರ್ಥ ಹೇಳ್ಬೇಕು ಅಂತ ನಂಗೂ ಬಹಳ ಆಸೆ ಇತ್ತು ಗೊತ್ತುಂಟಾ. ಆಮೇಲೆ ರಾತ್ರಿ ಶಾಲೆ, ಬ್ಯಾಂಕು, ಡೊಂಬಿವಲಿಯಿಂದ ಫಾಸ್ಟ್ ಲೋಕಲ್, ಮನೆ ಲೋನು. ಈಗ ಪುರುಸೊತ್ತುಂಟು, ಸ್ವರ ಇಲ್ಲ. ಅದು ಹೋಗ್ಲಿ.

ನಿಂಗೆ ಶೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕ ಉಂಟಲ್ಲ, ಈ ವಾರ ಅದನ್ನೇ ತೆಗ್ದು ಕೂತಿದ್ದೆ. ಮೂರನೇ ಅಂಕದಲ್ಲಿ, ಸೀಸರನನ್ನು ಕೊಂದವರಲ್ಲಿ ಒಬ್ಬನಾದ ಬ್ರೂಟಸ್ ಮೊದ್ಲು ಜನರ ಮುಂದೆ ಬಂದು ಗದ್ಯದಲ್ಲಿ, ಕಾರಣ ಕೊಟ್ಟು, ತನ್ನ ಮರ್ಯಾದೆ ಮುಂದಿಟ್ಟು ಮಾತಾಡ್ತಾನೆ, ಜನ ಒಪ್ತಾರೆ. ಆಮೇಲೆ ಸೀಸರನ ಗೆಳೆಯ ಆಂಟನಿ ಬಂದು ಪದ್ಯದಲ್ಲಿ ಶುರು ಮಾಡ್ತಾನೆ, ಬ್ರೂಟಸ್ ಮರ್ಯಾದಸ್ಥ ಅಂತ ಮತ್ತೆ ಮತ್ತೆ ಅಂತಾನೆ, ಪ್ರತಿ ಸಲ ಅದೇ ಮಾತು ಸ್ವಲ್ಪ ಸ್ವಲ್ಪ ಕೊಳೀತಾ ಹೋಗ್ತದೆ, ಸೀಸರನ ಹರಿದ ಬಟ್ಟೆ ತೋರಿಸ್ತಾನೆ, ಉಯಿಲು ಓದ್ತಾನೆ, ಜನ ಬೆಂಕಿ ಹಚ್ಚಲಿಕ್ಕೆ ಹೊರಡ್ತಾರೆ. ಲೋಗೋಸ್ ಅಂದ್ರೆ ಕಾರಣ, ಈಥೋಸ್ ಅಂದ್ರೆ ಮಾತಾಡುವವನ ಮರ್ಯಾದೆ, ಪೇಥೋಸ್ ಅಂದ್ರೆ ಕೇಳುವವರ ಭಾವನೆ ಅಂತ ಅರಿಸ್ಟಾಟಲ್ 2300 ವರ್ಷದ ಹಿಂದೆ ವಿಂಗಡಿಸಿ ಇಟ್ಟದ್ದು ಇದನ್ನೇ. ಆದ್ರೆ ಆ ಜನರಲ್ಲಿ ಒಬ್ಬರಿಗೂ ಪೇಥೋಸ್ ಅಂದ್ರೆ ಎಂತ ಅಂತ ಗೊತ್ತಿರ್ಲಿಕ್ಕಿಲ್ಲ, ಅವ್ರಿಗೆ ಬಟ್ಟೆಯ ತೂತು ಕಂಡ್ರೆ ಸಾಕಾಯ್ತು. ನೀನೂ ಮೊದ್ಲು ಆ ಗುಂಪಲ್ಲಿ ನಿಂತ್ಕೋ ಪುಟ್ಟಿ, ಪೆನ್ಸಿಲ್ ಬ್ಯಾಗಲ್ಲೇ ಇರ್ಲಿ.

ನಾನು ಟೀಚರ್ ಅಲ್ಲ, ನಿಮ್ಮ ಬೋರ್ಡಿನ ಮಾರ್ಕಿನ ಲೆಕ್ಕ ನಿಮ್ಮ ಮಿಸ್‌ಗೆ ಹೆಚ್ಚು ಗೊತ್ತು, ಹಾಗಾಗಿ ಇದು ಬೇಡ ಅನ್ನಿಸಿದ್ರೆ ಬಿಡು. ಪೊಯೆಮನ್ನು ಒಮ್ಮೆ ಜೋರಾಗಿ ಓದು, ಕೊತ್ರೂಡಿನ ಆ ಫ್ಲ್ಯಾಟಲ್ಲಿ ಅಕ್ಕಪಕ್ಕದವರು ಎಂತ ಅಂದ್ಕೊಂಡ್ರೂ ಅಡ್ಡಿಲ್ಲ. ಅಲಿಟರೇಶನ್, ಅಂದ್ರೆ ಒಂದೇ ಸದ್ದು ಮತ್ತೆ ಮತ್ತೆ ಬರುದು, ನಾಲಿಗೆಗೆ ಸಿಗುವಷ್ಟು ಕಣ್ಣಿಗೆ ಸಿಗುದಿಲ್ಲ. ಎಲ್ಲಿ ತಡೀತು, ಎಲ್ಲಿ ಕಿರಿಕಿರಿ ಆಯ್ತು ನೋಡು, ಕಿರಿಕಿರಿ ಆದ್ರೂ ಅದು ಅನ್ನಿಸಿದ ಹಾಗೇ. ಆಮೇಲೆ ಹೆಸರು ಹುಡುಕು. ಉತ್ತರದಲ್ಲಿ ಇಲ್ಲಿ ಮೆಟಫರ್ ಉಂಟು ಅಂತ ನಿಲ್ಲಿಸ್ಬೇಡ, ಅದು ಓದುವವರಿಗೆ ಎಂತ ಮಾಡ್ತದೆ ಅಂತ ಒಂದು ವಾಕ್ಯ ಸೇರಿಸು.

ಕೆಲವು ದಿನ ನಿಜವಾಗಿಯೂ ಏನೂ ಅನ್ನಿಸುದಿಲ್ಲ, ಸುಸ್ತಿಗೆ. ನಂಗೆ ಬ್ಯಾಂಕಲ್ಲಿ ಮಾರ್ಚ್ ಕ್ಲೋಸಿಂಗ್ ಮುಗಿಯುವವರೆಗೆ ಭಾಗವತರ ಪದವೂ ಬೇಡ ಅನ್ನಿಸ್ತಿತ್ತು, ಏಪ್ರಿಲಲ್ಲಿ ತಿರುಗಿ ಕಿವಿ ಬರ್ತಿತ್ತು. ನಿನ್ನದು ಸುಸ್ತಾ, ಬೇರೆ ಎಂತದಾದ್ರೂ ಉಂಟಾ? ಬೇರೆ ಇದ್ರೆ ಅಮ್ಮನಿಗೆ ಹೇಳ್ಲಿಕ್ಕೆ ಆಗದಿದ್ರೂ ನಂಗೆ ಬರಿ. ಆದಿತ್ಯವಾರ ಮಧ್ಯಾಹ್ನ ಫೋನ್ ಮಾಡು, ಆಂಟನಿಯ ಭಾಷಣ ನೀನು ಓದು, ನಾನು ಕೇಳ್ತೇನೆ.

ನಿನ್ನ ದೊಡ್ಡಪ್ಪ