ನಾಕ್ಸೋಸ್ ಬಂದರಿನ ಹಿರಿಯರೇ, ನಿಮಗೊಂದು ಥ್ಯಾಂಕ್ಸ್

ಹೆಸರು ಕೇಳುವಷ್ಟರಲ್ಲಿ ನೀವು ಹೊರಟೇ ಹೋದಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆಗಸ್ಟ್ ತಿಂಗಳು, ಗ್ರೀಸ್‌ನ ನಾಕ್ಸೋಸ್ ದ್ವೀಪ. ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಮೆಲ್ಟೆಮಿ ಗಾಳಿ ಬೀಸುವ ಕಾಲ. ತಮಾಷೆ ಅಂದರೆ ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ! ಆದರೂ ಸ್ಯಾಂಟೊರಿನಿ ದ್ವೀಪಕ್ಕೆ ಹೋಗಬೇಕಿದ್ದ ನಮ್ಮ ಕ್ಯಾಟಮರಾನ್ (ಜೋಡಿ ಒಡಲಿನ ವೇಗದ ಹಡಗು) ರದ್ದಾಗಿತ್ತು. ಅಮ್ಮ ಸುಮ್ನೆ ಸೂಟ್‌ಕೇಸ್ ಮೇಲೆ ಕೂತುಬಿಟ್ಟರು.

ಆಗ ನೀವು ಬಂದಿರಿ. ಅರೆಬರೆ ಇಂಗ್ಲಿಷು, ಉಳಿದದ್ದು ಕೈಸನ್ನೆ. ಗಾಳಿ ಜೋರಾದರೆ ಮೊದಲು ನಿಲ್ಲುವುದು ವೇಗದ ಹಗುರ ಹಡಗುಗಳಂತೆ. ಕಾರು, ಲಾರಿ ಹೊರುವ ದೊಡ್ಡ ಫೆರ್ರಿ ನಿಧಾನ, ಆದರೆ ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ. ಟಿಕೆಟ್ ಅಂಗಡಿಯವರೆಗೂ ನಮ್ಮ ಜೊತೆ ನಡೆದಿರಿ. ರದ್ದಾದ ಹಡಗಿಗೆ ಬದಲಿ ಪ್ರಯಾಣ ಇಲ್ಲವೇ ಹಣ ವಾಪಸ್ ಕೊಡಬೇಕು ಎಂದು ಯುರೋಪಿಯನ್ ಒಕ್ಕೂಟದ ನಿಯಮವೇ ಇದೆ. ಕೌಂಟರ್‌ನಲ್ಲಿ ಅದನ್ನು ಹೇಳುವವರು ಯಾರೂ ಇರಲಿಲ್ಲ, ನೀವೇ ವಾದ ಮಾಡಿದಿರಿ.

ಹಡಗಿನ ನಡುವೆ, ಕೆಳಗಿನ ಅಂತಸ್ತಿನಲ್ಲಿ ಕೂತರೆ ತೂಗಾಟ ಕಡಿಮೆ ಎಂದು ಅಮ್ಮನಿಗೆ ಹೇಳಿದ್ದೂ ನೀವೇ. ಅಲೆ ಜಾಸ್ತಿಯೇ ಇತ್ತು, ಆದರೆ ಅಮ್ಮನಿಗೆ ಒಮ್ಮೆಯೂ ವಾಂತಿ ಬರಲಿಲ್ಲ. ಕಾಫಿ ಕೊಡಿಸುತ್ತೇವೆ ಅಂದರೂ ಬೇಡವೆಂದಿರಿ. ನಿಮ್ಮ ಗ್ರೀಕ್‌ನಲ್ಲೇ ಥ್ಯಾಂಕ್ಸ್ ಹೇಳುತ್ತೇನೆ: ಎಫ್ಖರಿಸ್ತೊ, ಯಜಮಾನರೇ. ಅಮ್ಮನ ಕಡೆಯಿಂದಲೂ.