ಕ್ಲಾಸಿನ ದನಿ

ಮೈಸೂರು

ಚಿ. ಸೌ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆ ಸಾಲ, ಚಳಿ, ಪುಟ್ಟನ ಹಲ್ಲು, ಎಲ್ಲ ಓದಿದೆ. ಅವನ್ನು ಫೋನಿನಲ್ಲಿ ಮಾತಾಡೋಣ. ಆದರೆ ಕೊನೆಯಲ್ಲಿ ಬರೆದಿದ್ದೀಯಲ್ಲ, "ಅಮ್ಮಾ, ಆ ಕ್ಲಾಸಿನ ದನೀಲಿ ಮಾತಾಡ್ಬೇಡ" ಅಂದನಂತೆ ಪುಟ್ಟ. "ನಾನು ಮಗು ಮುಂದೆ ನಾಟಕ ಆಡ್ತಿದ್ದೀನಾ ದೊಡ್ಡಮ್ಮ?" ಅಂತ ಕೇಳಿದ್ದೀಯ. ಎರಡು ರಾತ್ರಿ ಅದೇ ತಲೆಯಲ್ಲಿ.

ನಿಮ್ಮ ಮೆಲ್ಬರ್ನಿನಲ್ಲೇ ಸೋಫಿ ಹ್ಯಾವಿಗರ್ಸ್ಟ್, ಆನ್ ಹಾರ್ಲಿ ಅನ್ನೋರು ಕಟ್ಟಿದ ತರಗತಿಯಂತೆ, ಮಕ್ಕಳ ಭಾವನೆ ಅರ್ಥಮಾಡಿಕೊಳ್ಳೋದನ್ನ ಅಪ್ಪ-ಅಮ್ಮಂದಿರಿಗೆ ಹೇಳಿಕೊಡೋದು, ವಾರಕ್ಕೆ ಎರಡು ಗಂಟೆ, ಆರು ವಾರ. ಐದು ಮೆಟ್ಟಿಲನ್ನೂ ಬರೆದಿದ್ದೀಯ: ಮಗುವಿನ ಮನಸ್ಸು ಗಮನಿಸು, ಹತ್ತಿರವಾಗೋಕೆ ಇದೇ ಸಮಯ ಅಂತ ತಿಳಿ, ಕೇಳಿಸಿಕೋ, ಆ ಭಾವನೆಗೆ ಹೆಸರು ಕೊಡು, ಆಮೇಲೆ ಪರಿಹಾರ. ನಾವೆಲ್ಲ ಐದನೆಯದರಿಂದಲೇ ಶುರು ಮಾಡಿದವರು ಕಣೆ.

ನಾಟಕದ ಮಾತಿಗೆ ಬರ್ತೀನಿ. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ, ಆಡಿ ಹಾಡಿ ಪಾಠ ಕಲಿಸೋ ನಲಿ-ಕಲಿ ಶುರುವಾದಾಗ ನನ್ನನ್ನೂ ತರಬೇತಿಗೆ ಕಳಿಸಿದ್ದರು. ನೆಲದ ಮೇಲೆ ಕೂರಬೇಕು, ಕೈ ಬಾಯಿ ಆಡಿಸಿ ಹಾಡಬೇಕು. ಅಷ್ಟು ವರ್ಷ ಬೆತ್ತ ಹಿಡಿದ ಕೈ. ಮೊದಲ ದಿನ ಮಕ್ಕಳು ಮುಖ ಮುಖ ನೋಡಿಕೊಂಡರು. ಒಬ್ಬಳು "ಮಿಸ್, ಹುಷಾರಿಲ್ವಾ?" ಅಂದಳು. ನಾಚಿಕೆಯಿಂದ ಸತ್ತೇ ಹೋದೆ. ಸುಮಾರು ಒಂದು ತಿಂಗಳು ಅದು ನಾಟಕವೇ. ಯಾವತ್ತು ನಿಂತಿತೋ ನನಗೂ ನೆನಪಿಲ್ಲ.

ಆದರೆ ಅದೇ ದಿನಗಳಲ್ಲಿ ಮನೆಯಲ್ಲಿ ಏನು ಮಾಡಿದೆ ಗೊತ್ತಾ? ನಿನ್ನ ಅಣ್ಣನಿಗೆ ಆಗ ಒಂಬತ್ತು. ಗೆಳೆಯರು ಆಟಕ್ಕೆ ಸೇರಿಸಿಕೊಳ್ಳಲಿಲ್ಲ ಅಂತ ಅಳುತ್ತಾ ಬಂದ. ಊರ ಮಕ್ಕಳ ಜೊತೆ ಹಾಡಿ ಸುಸ್ತಾಗಿದ್ದ ನಾನು, "ಇಷ್ಟಕ್ಕೆಲ್ಲಾ ಗಂಡು ಹುಡುಗ ಅಳ್ತಾನಾ? ಕೂತ್ಕೊಂಡು ಹದಿಮೂರರ ಮಗ್ಗಿ ಹೇಳು" ಅಂದೆ. ಮೂಗೆಳೆದುಕೊಂಡು ಒಂದೂ ತಪ್ಪಿಲ್ಲದೆ ಹೇಳಿದ. ನಾನು ಹೆಮ್ಮೆಪಟ್ಟೆ. ನಿಮ್ಮ ದೊಡ್ಡಪ್ಪ ಹೋದಾಗ ಅವನು ಹೇಗಿದ್ದ ಅಂತ ನೀನೇ ನೋಡಿದ್ದೀಯ.

ಅವತ್ತು ಅವನಿಗೆ ಅಂದದ್ದು ನಾಟಕವಲ್ಲ, ಒಳಗಿಂದ ಬಂದ ಮಾತೇ. ಅದಕ್ಕೇ ನಿನ್ನ ಭಯ ನನಗೆ ಪೂರ್ತಿ ಅರ್ಥವಾಗೋಲ್ಲ. ಅಥವಾ ಅರ್ಥವಾಗಿ ಹೊಟ್ಟೆ ಉರಿಯುತ್ತದೋ ಏನೋ. ನಮಗೆ ಯಾರೂ ಕ್ಲಾಸು ಇಡಲಿಲ್ಲವಲ್ಲ.

ಒಂದು ಮಾತು, ಹಳೇ ಮೇಷ್ಟ್ರ ಚಟ, ಬೇಡವೆನಿಸಿದರೆ ಬಿಡು. "ನಿನಗೀಗ ನಿರಾಶೆ ಆಗಿದೆ ಅನ್ನಿಸುತ್ತೆ" ಅಂತ ಹೇಳಿದೆ ಅಂತ ಬರೆದಿದ್ದೀಯ. ಐದು ವರ್ಷದ ಮಗುವಿನ ಹತ್ತಿರ ಯಾರಮ್ಮ ನಿರಾಶೆ ಅಂತಾರೆ? ನೀನು ಇಂಗ್ಲಿಷಿನಲ್ಲಿ ಕಲಿತು ಪುಸ್ತಕದ ಕನ್ನಡಕ್ಕೆ ತಿರುಗಿಸ್ತಿದ್ದೀಯ. ದನಿ ಬೇರೆ ಅನ್ನಿಸಿದ್ದು ಅದಕ್ಕೇ ಇರಬಹುದು. ನಮ್ಮ ಮನೆಯಲ್ಲೂ ದುಃಖಕ್ಕೆ ಬೇಜಾರು, ಹೊತ್ತು ಹೋಗದಿದ್ದರೆ ಬೇಜಾರು, ಸಿಟ್ಟಿಗೂ ಬೇಜಾರು. ಮಕ್ಕಳದಾದರೆ ಎಲ್ಲಕ್ಕೂ ಒಂದೇ ಹೆಸರು, ಹಠ. ದಿಗಿಲು, ಕಸಿವಿಸಿ, ಮುನಿಸು, ಹೊಟ್ಟೆಕಿಚ್ಚು, ಇವೆಲ್ಲ ನಿಮ್ಮ ಅಜ್ಜಿಯ ಬಾಯಲ್ಲಿದ್ದವು. ಅವನ್ನು ಹೇಳಿ ನೋಡು. ಹೊಡೆದರೆ ಮಾತ್ರ ಬೇಡ ಅನ್ನು, ಸಿಟ್ಟು ಬಂದಿದ್ದಕ್ಕೆ ಬೇಡ ಅನ್ನಬೇಡ, ಅದನ್ನೂ ನೀನೇ ಬರೆದಿದ್ದೀಯ, ನಾನೇನು ಹೇಳಲಿ. ಕ್ಲಾಸಿನ ದನಿ ಅಂತ ಮತ್ತೆ ಅಂದರೆ, "ಹೂಂ ಕಣೋ, ಇನ್ನೂ ಕಲೀತಿದ್ದೀನಿ" ಅಂದುಬಿಡು. ಅವನೇನು ಬೇರೆ ಅಮ್ಮನನ್ನು ಹುಡುಕಿಕೊಂಡು ಹೋಗೋಲ್ಲ.

ನಿನ್ನ ಕಾಗದ ಓದಿದ ಮೇಲೆ ಭಾನುವಾರ ನಿನ್ನ ಅಣ್ಣನಿಗೆ ಫೋನು ಮಾಡಿದೆ. ಬಿ.ಪಿ. ಮಾತ್ರೆ ಇದೆಯಾ ಅಂತ ಅವನು ಕೇಳುವ ಮೊದಲೇ, "ಅಪ್ಪ ಇಲ್ಲದ್ದು ನಿನಗೆ ಸಂಕಟ ಆಗುತ್ತೇನೋ?" ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅಮ್ಮ, ಹುಷಾರಾಗಿದ್ದೀಯಾ?" ಅಂದ. ಆ ಹುಡುಗಿ ಕೇಳಿದ ಹಾಗೇ. ನಾನೇ ಗಾಬರಿಯಾಗಿ ಮಾತ್ರೆಯ ವಿಷಯ ತೆಗೆದೆ. ಮುಂದಿನ ಭಾನುವಾರ ಇನ್ನೊಮ್ಮೆ ನೋಡ್ತೀನಿ.

ಇತಿ,
ನಿನ್ನ ದೊಡ್ಡಮ್ಮ