ಭಾಗವತರ ಕಂಠ ಯಾರ ಸೊತ್ತು?

ಮಾನ್ಯ ಸಂಪಾದಕರೇ,

ಅಂತರ್ಜಾಲ ಮತ್ತು ಕೃತಕ ಬುದ್ಧಿಮತ್ತೆ ನಮ್ಮ ಬದುಕನ್ನು ಹೇಗೆ ಬದಲಿಸುತ್ತಿವೆ ಎಂಬ ಚರ್ಚೆ ಹೆಚ್ಚಾಗಿ ಉದ್ಯೋಗ, ಶಿಕ್ಷಣ, ಸೈಬರ್ ವಂಚನೆಗಳ ಸುತ್ತಲೇ ನಡೆಯುತ್ತಿದೆ. ಅವು ಮುಖ್ಯವಾದ ವಿಷಯಗಳೇ. ಆದರೆ ಕರಾವಳಿ ಮತ್ತು ಮಲೆನಾಡಿನ ನಮ್ಮಂಥವರು ಎಳವೆಯಿಂದ ನೋಡುತ್ತ ಕೇಳುತ್ತ ಬಂದ ಯಕ್ಷಗಾನದಲ್ಲಿ ಈ ಬದಲಾವಣೆ ಈಗಾಗಲೇ ಆಳಕ್ಕಿಳಿದಿದ್ದರೂ, ಮೇಳದ (ಕಲಾವಿದರ ತಂಡದ) ಯಜಮಾನರು, ಕಲಾವಿದರು, ಯಕ್ಷಗಾನ ಅಕಾಡೆಮಿ ಎಲ್ಲರೂ ಒಟ್ಟಿಗೆ ಕುಳಿತು ಒಂದು ನಿಲುವಿಗೆ ಬಂದಂತೆ ಕಾಣುವುದಿಲ್ಲ. ಜಾಲತಾಣಗಳಲ್ಲಿ ಹರಡಿಕೊಂಡಿರುವ ಆಟ (ರಂಗದ ಪ್ರದರ್ಶನ), ವೇಷವಿಲ್ಲದೆ ಕುಳಿತು ಹಾಡು ಮಾತುಗಳಲ್ಲೇ ಕಥೆ ನಡೆಸುವ ತಾಳಮದ್ದಳೆಗಳ ಧ್ವನಿಮುದ್ರಣಗಳಿಗೆ ಕಲಾವಿದರ ಹೆಸರನ್ನೂ ಒಪ್ಪಿಗೆಯನ್ನೂ ಸೇರಿಸುವ ಕೆಲಸ ಕೂಡಲೇ ಆರಂಭವಾಗಬೇಕು, ಯಂತ್ರಗಳು ಆ ಕಂಠಗಳನ್ನು ಕಲಿತು ಮುಗಿಸಿದ ಮೇಲೆ ಮಾಡಿದರೆ ಪ್ರಯೋಜನವಾಗದು ಎಂಬುದನ್ನು ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಅಂತರ್ಜಾಲ ಮಾಡಿದ ಉಪಕಾರವನ್ನು ಮೊದಲು ಮನಸಾರೆ ಹೇಳಬೇಕು. ಇಂದು ಯಾವ ಮೇಳದ ಆಟ ಎಲ್ಲಿ ಎಂದು ತಿಳಿಯಲು ಒಂದು ಕಾಲಕ್ಕೆ ಪತ್ರಿಕೆಯ ಒಳಪುಟದ ಪಟ್ಟಿಯೇ ಆಧಾರವಾಗಿತ್ತು. ಈಗ ಸ್ಥಳ, ಪ್ರಸಂಗ (ಆಡುವ ಕಥೆ), ಪಾತ್ರವರ್ಗ ಸಹಿತ ಎಲ್ಲ ವಿವರವೂ ಮಧ್ಯಾಹ್ನದೊಳಗೆ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಂದುಬಿಡುತ್ತದೆ. ಮುಂಬೈಯಲ್ಲಿ, ಬೆಂಗಳೂರಿನಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರು ಊರಿನ ಹರಕೆ ಆಟವನ್ನು ನೇರಪ್ರಸಾರದಲ್ಲಿ ನೋಡುತ್ತಾರೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಮೇಳಗಳ ಊರೂರು ತಿರುಗಾಟ ನಡುವೆಯೇ ನಿಂತು ಕಲಾವಿದರ ದುಡಿಮೆ ಕೈತಪ್ಪಿದಾಗ, ಮನೆಮನೆಗಳಿಂದಲೇ ನಡೆದ ಅಂತರ್ಜಾಲ ತಾಳಮದ್ದಳೆಗಳು ಕೆಲವರಿಗಾದರೂ ಆಸರೆಯಾದವು. ಯಕ್ಷವಾಹಿನಿ ಸಂಸ್ಥೆಯ ಸ್ವಯಂಸೇವಕರು ಹಳೆಯ ಪ್ರಸಂಗ ಪುಸ್ತಕಗಳನ್ನು ಹುಡುಕಿ, ಸ್ಕ್ಯಾನ್ ಮಾಡಿ, ಅಕ್ಷರ ಜೋಡಿಸಿ, ತಿದ್ದಿ ಎಲ್ಲರಿಗೂ ಉಚಿತವಾಗಿ ಸಿಗುವಂತೆ ಮಾಡಿದ್ದಾರೆ. ಯಾವ ವಿಶ್ವವಿದ್ಯಾಲಯವೂ ಹೆಮ್ಮೆಪಡಬೇಕಾದ ಕೆಲಸವದು. ಬೂಷ್ಟು ಹಿಡಿಯುತ್ತಿದ್ದ ಕ್ಯಾಸೆಟ್ಟುಗಳನ್ನು ಯಾರೋ ಪುಣ್ಯಾತ್ಮರು ಜಾಲತಾಣಕ್ಕೆ ಏರಿಸಿದ್ದರಿಂದಲೇ, 2006ರಲ್ಲಿ ತೀರಿಕೊಂಡ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು, ಎಂದರೆ ಪಾತ್ರವಾಗಿ ಆಗಲೇ ಕಟ್ಟಿ ಆಡುವ ಮಾತನ್ನು, ಅವರು ಹೋದ ಮೇಲೆ ಹುಟ್ಟಿದ ಮಕ್ಕಳೂ ಇಂದು ಕೇಳುತ್ತಿದ್ದಾರೆ.

ಇಷ್ಟೆಲ್ಲ ಆಗಿರುವಾಗಲೇ ಆಟದ ರೀತಿಯೂ ಬದಲಾಗಿದೆ. ರಂಗಪ್ರವೇಶದ ಒಡ್ಡೋಲಗದಿಂದ ಹಿಡಿದು ನಿಧಾನವಾಗಿ ಬೆಳೆದು ಬರುವ ಒಂದು ಪಾತ್ರದಲ್ಲಿ ಮೂರು ನಿಮಿಷದ ಕುಣಿತವೋ ಹಾಸ್ಯದ ಒಂದು ಮಾತೋ ಮಾತ್ರ ಕತ್ತರಿಸಿ ಹರಿದಾಡುತ್ತದೆ. ವೇಗದ ಏರುಪದಕ್ಕೆ ಸುತ್ತಿ ಹಾರುವ ಧಿಗಿಣ ಹಾಕಿದಾಗ ಸಭೆಯ ಮುಂದಿನ ಸಾಲಿನಲ್ಲಿ ಏಕಕಾಲಕ್ಕೆ ಹತ್ತಾರು ಮೊಬೈಲುಗಳು ಮೇಲೇಳುವುದನ್ನು ಕಂಡ ಯುವ ವೇಷಧಾರಿ ಮುಂದಿನ ಸಲ ಎಲ್ಲಿ ಒತ್ತು ಕೊಡುತ್ತಾನೆ ಎಂಬುದನ್ನು ವಿವರಿಸಬೇಕಾಗಿಲ್ಲ. ತಾಳಮದ್ದಳೆಯಲ್ಲಂತೂ ವಾದದ ಬಿಸಿಯಲ್ಲಿ ಪಾತ್ರದ ಬಾಯಿಂದ ಬಂದ ಒಂದು ಚುಚ್ಚುಮಾತು, ಹಿಂದಿನದೂ ಮುಂದಿನದೂ ಇಲ್ಲದೆ, ಆ ಅರ್ಥಧಾರಿಯ ಸ್ವಂತ ಅಭಿಪ್ರಾಯವೆಂಬಂತೆ ಹರಿದಾಡಿ ಮನಸ್ತಾಪಕ್ಕೆ ಕಾರಣವಾಗುತ್ತದೆ. ಇದಕ್ಕಿಂತಲೂ ನೋವಿನ ಸಂಗತಿ ಚೌಕಿಯದು. ಗಣಪತಿ ಪೂಜೆಯಾಗುವ, ಕಲಾವಿದರು ಬಣ್ಣ ಬರೆದು ಬಟ್ಟೆ ಕಟ್ಟಿಕೊಳ್ಳುವ ಆ ಜಾಗಕ್ಕೆ ಯಾರು ಬೇಕಾದರೂ ನುಗ್ಗಿ, ಅರೆಬಟ್ಟೆಯಲ್ಲಿ ಕುಳಿತ ಹಿರಿಯರ ಮುಖದ ಮುಂದೆಯೇ ಮೊಬೈಲ್ ಹಿಡಿಯುತ್ತಾರೆ. ಸ್ತ್ರೀವೇಷದವರೊಬ್ಬರು ಸೀರೆ ಉಡುತ್ತಿರುವಾಗ, ಬೇಡವೆಂದು ಅವರು ಕೈ ಅಡ್ಡ ಹಿಡಿದರೂ ಕೇಳದೆ ಚಿತ್ರೀಕರಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅವರು ತಲೆ ತಗ್ಗಿಸಿ ಸೆರಗಿನ ನೆರಿಗೆ ಹಿಡಿಯುವುದನ್ನು ಮುಂದುವರಿಸಿದರೇ ಹೊರತು ಒಂದು ಮಾತೂ ಆಡಲಿಲ್ಲ. ಸೇವೆಯಾಟ ಆಡಿಸುವವರನ್ನು ನೋಯಿಸಬಾರದು ಎಂಬ ಅವರ ಸಂಕೋಚವನ್ನು ನಾವು ಒಪ್ಪಿಗೆ ಎಂದುಕೊಂಡುಬಿಟ್ಟಿದ್ದೇವೆ.

ಕೇಳದೆ ತೆಗೆದುಕೊಳ್ಳುವ ಈ ಅಭ್ಯಾಸವೇ ಈಗ ದೊಡ್ಡ ಪ್ರಶ್ನೆಯಾಗಿ ನಮ್ಮ ಮುಂದೆ ಬಂದಿದೆ. ಯೂಟ್ಯೂಬ್‌ನಲ್ಲಿರುವ ಯಕ್ಷಗಾನದ ಧ್ವನಿಮುದ್ರಣಗಳನ್ನು ಒಮ್ಮೆ ಗಮನಿಸಿ ನೋಡಬೇಕು. ‘ಅಪರೂಪದ ಪದ್ಯ’, ‘ಹಳೆಯ ನೆನಪು’ ಎಂಬ ತಲೆಬರಹ ಇರುತ್ತದೆ; ಯಾವ ಮೇಳ, ಯಾವ ಊರು, ಯಾವ ವರ್ಷ ಎಂಬುದಿಲ್ಲ. ಆಟವನ್ನು ಹಾಡಿ ನಡೆಸುವ ಭಾಗವತರ ಹೆಸರಿದ್ದರೆ ಮದ್ದಳೆಯವರದ್ದಿಲ್ಲ, ಚಂಡೆಯವರದ್ದಂತೂ ಇಲ್ಲವೇ ಇಲ್ಲ. ಕೆಲವು ಕಡೆ ಭಾಗವತರ ಹೆಸರೇ ತಪ್ಪಾಗಿರುತ್ತದೆ. ಕೆಳಗೆ ಹಿರಿಯ ಪ್ರೇಕ್ಷಕರು ತಿದ್ದಿ ಬರೆದರೂ ತಲೆಬರಹ ಬದಲಾಗುವುದಿಲ್ಲ. ಮನುಷ್ಯರು ಮಾತ್ರ ಕೇಳುತ್ತಿದ್ದ ಕಾಲದಲ್ಲಿ ಇದೊಂದು ಸಣ್ಣ ಉದಾಸೀನವಾಗಿತ್ತು, ಏಕೆಂದರೆ ಗೊತ್ತಿದ್ದವರಿಗೆ ಕಂಠ ಗೊತ್ತೇ ಇರುತ್ತಿತ್ತು. ಈಗ ಕೇಳುವವರಲ್ಲಿ ಯಂತ್ರವೂ ಇದೆ. ಒಬ್ಬರ ಧ್ವನಿಯನ್ನು ಹೋಲುವಂತೆ ಹಾಡಿಸಲು ಇಂದಿನ ತಂತ್ರಾಂಶಗಳಿಗೆ ಶುಭ್ರವಾದ ಕೆಲವೇ ನಿಮಿಷಗಳ ಧ್ವನಿ ಸಾಕು. ನಮ್ಮ ಭಾಗವತರ ಧ್ವನಿಯೋ, ಗಂಟೆಗಟ್ಟಲೆ ಬಾಗಿಲು ತೆರೆದಿಟ್ಟಂತೆ ಅಲ್ಲಿದೆ.

ಭಾಗವತಿಕೆಯಲ್ಲಿ ಕಂಠವೆಂದರೆ ಬರಿಯ ಧ್ವನಿಯಲ್ಲ ಎಂಬುದನ್ನು ಯಕ್ಷಗಾನ ಬಲ್ಲವರಿಗೆ ಹೇಳಬೇಕಾಗಿಲ್ಲ. 2023ರಲ್ಲಿ ನಮ್ಮನ್ನಗಲಿದ ಬಲಿಪ ನಾರಾಯಣ ಭಾಗವತರು ಅಜ್ಜನಿಂದ ಕಲಿತು ಮುಂದುವರಿಸಿದ್ದನ್ನು ಜನ ‘ಬಲಿಪ ಶೈಲಿ’ ಎಂದೇ ಕರೆದರು. ಅದು ಒಂದು ಮನೆತನ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಆಸ್ತಿ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗಿನಲ್ಲಿ ಭಾಗವತರಾಗಿದ್ದ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲಿರುವಾಗಲೇ, ಅಪಘಾತದಲ್ಲಿ ತೀರಿಕೊಂಡರು. ಅವರು ಹಾಡಿದ್ದು ಕೆಲವೇ ವರ್ಷ. ಆದರೆ ಅವರನ್ನು ಕಾಣದ ತಲೆಮಾರು ಕೂಡ ಅವರ ಪದ್ಯಗಳನ್ನು ಮೊಬೈಲಿನಲ್ಲಿ ಇಟ್ಟುಕೊಂಡಿದೆ. ಆ ಕಂಠದಲ್ಲಿ ಅವರು ಎಂದೂ ಹಾಡದ ಪ್ರಸಂಗವೊಂದನ್ನು, ಒಪ್ಪದಿದ್ದ ಮಟ್ಟಿನಲ್ಲಿ (ಧಾಟಿಯಲ್ಲಿ), ಯಾವುದೋ ಚುನಾವಣೆಯ ಅಥವಾ ಅಂಗಡಿಯ ಪ್ರಚಾರಕ್ಕಾಗಿ ಹಾಡಿಸಿದರೆ ಅದನ್ನು ತಡೆಯುವವರು ಯಾರು? ಇನ್ನು ಇಪ್ಪತ್ತು ವರ್ಷದ ಬಳಿಕ ನಾವಡರ ಹಾಡನ್ನು ಕಲಿಯಬಯಸುವ ಹುಡುಗನಿಗೆ, ಇದು ಅವರೇ ಹಾಡಿದ್ದು, ಇದು ಯಂತ್ರ ಹಾಡಿದ್ದು ಎಂದು ಬೇರ್ಪಡಿಸಿ ತೋರಿಸಲು ನಮ್ಮಲ್ಲಿ ಯಾವ ದಾಖಲೆ ಉಳಿದಿರುತ್ತದೆ?

ಇದು ಕೇವಲ ಊಹೆಯ ಭಯವಲ್ಲ. ಸಿನಿಮಾ ಸಂಗೀತದಲ್ಲಿ ಇದು ನಡೆದಿದೆ. 2020ರಲ್ಲಿ ನಿಧನರಾದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಧ್ವನಿಯನ್ನು ಕುಟುಂಬದ ಒಪ್ಪಿಗೆ ಇಲ್ಲದೆ ಕೃತಕವಾಗಿ ಸೃಷ್ಟಿಸಿ ತೆಲುಗು ಚಿತ್ರವೊಂದರಲ್ಲಿ ಬಳಸಲಾಗಿದೆ ಎಂದು ಅವರ ಮಗ ಲೀಗಲ್ ನೋಟಿಸ್ ಕಳುಹಿಸಬೇಕಾಯಿತು. ಅದೇ ಸುಮಾರಿಗೆ, 2024ರ ಆರಂಭದಲ್ಲಿ, ಎ.ಆರ್. ರೆಹಮಾನ್ ಅವರು ದಿವಂಗತರಾದ ಇಬ್ಬರು ಗಾಯಕರ ಧ್ವನಿಯನ್ನು ಬಳಸುವಾಗ ಕುಟುಂಬದವರ ಅನುಮತಿ ಪಡೆದು ಸಂಭಾವನೆಯನ್ನೂ ಕೊಟ್ಟಿದ್ದಾಗಿ ತಿಳಿಸಿದರು. ಒಂದೇ ತಂತ್ರಜ್ಞಾನ, ನಡೆದುಕೊಂಡ ರೀತಿ ಬೇರೆ. 2024ರ ಜುಲೈಯಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ಧ್ವನಿಯ ಅನುಕರಣೆಗೆ ಬಾಂಬೆ ಹೈಕೋರ್ಟ್ ತಡೆ ನೀಡಿತು. ಆದರೆ ಅಂಥವರಿಗೆ ವಕೀಲರಿದ್ದಾರೆ, ಹೈಕೋರ್ಟಿನ ಮೆಟ್ಟಿಲು ಹತ್ತುವ ಶಕ್ತಿಯಿದೆ. ತಿರುಗಾಟ ಮುಗಿದ ಮೇಲೆ ಮಳೆಗಾಲದ ಖರ್ಚಿಗೆ ದಾರಿ ಹುಡುಕುವ ಮದ್ದಳೆಗಾರನಿಗೆ ಇವೆರಡೂ ಇಲ್ಲ.

ಕಾನೂನು ಅವನನ್ನು ಪೂರ್ತಿ ಮರೆತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿಯಿಂದ ಪ್ರದರ್ಶಕರಿಗೂ ಹಕ್ಕು ಬಂತು. ಗಾಯಕ, ನಟ, ನರ್ತಕ ಮಾತ್ರವಲ್ಲ, ಹಾವಾಡಿಗನೂ ಜಾದೂಗಾರನೂ ಆ ವ್ಯಾಖ್ಯೆಯೊಳಗಿದ್ದಾರೆ. ಪ್ರದರ್ಶನ ನಡೆದ ಮರುವರ್ಷದಿಂದ 50 ವರ್ಷ ಈ ಹಕ್ಕು ಇರುತ್ತದೆ. 2012ರ ತಿದ್ದುಪಡಿಯು, ತನ್ನನ್ನು ಪ್ರದರ್ಶಕನೆಂದು ಗುರುತಿಸಬೇಕೆಂದು ಕೇಳುವ, ತನ್ನ ಹೆಸರಿಗೆ ಕುಂದು ತರುವಂತೆ ಪ್ರದರ್ಶನವನ್ನು ತಿರುಚಿದರೆ ತಡೆಯುವ ಹಕ್ಕನ್ನೂ ಕೊಟ್ಟಿದೆ. ಆದರೆ ಈ ಹಕ್ಕು ಕಾಯ್ದೆಗೆ ಸೇರುವ ಮೊದಲೇ ತೀರಿಕೊಂಡ ನಾವಡರಂಥವರ ಮಟ್ಟಿಗೆ ಈ ಆಸರೆ ಗಟ್ಟಿಯಾಗಿಲ್ಲ. ಬದುಕಿರುವವರ ವಿಷಯದಲ್ಲಾದರೂ ಹಕ್ಕು ಕೇಳಬೇಕಾದರೆ ಹಾಡಿದ್ದು ಯಾರು, ಎಂದು, ಎಲ್ಲಿ ಎಂದು ತೋರಿಸಬೇಕಲ್ಲ! ಕೃತಕ ಬುದ್ಧಿಮತ್ತೆಯ ಕಂಪನಿಗಳು ಕಲಿಕೆಗೆ ಬಳಸಿದ ಕೃತಿಗಳಿಗೆ ಗೌರವಧನ ಕೊಡಬೇಕೆಂಬ ಪ್ರಸ್ತಾವವನ್ನು ಕೇಂದ್ರ ಸರ್ಕಾರದ ಸಮಿತಿಯೊಂದು 2025ರ ಡಿಸೆಂಬರ್‌ನಲ್ಲಿ ಮುಂದಿಟ್ಟಿದೆ. ಅದು ಯಾವ ರೂಪದಲ್ಲಿ ಜಾರಿಗೆ ಬಂದರೂ, ಹೆಸರಿಲ್ಲದ ಧ್ವನಿಮುದ್ರಣದ ಕಲಾವಿದನಿಗೆ ಅದರಿಂದ ಒಂದು ರೂಪಾಯಿಯೂ ತಲುಪಲಾರದು.

ಯಂತ್ರದ ಪ್ರವೇಶ ಅರ್ಥಗಾರಿಕೆಯಲ್ಲಿಯೂ ಆಗಿದೆ. ಇತ್ತೀಚೆಗೆ ಮಕ್ಕಳ ತಾಳಮದ್ದಳೆ ಸ್ಪರ್ಧೆಯೊಂದರಲ್ಲಿ ಕರ್ಣನ ಅರ್ಥ ಹೇಳುತ್ತಿದ್ದ ಹುಡುಗ ಬಹಳ ಸ್ಫುಟವಾಗಿ, ತಡವರಿಸದೆ ಪೀಠಿಕೆ ಹೇಳಿದ. ಎದುರಿನ ಶಲ್ಯ, ‘ದಾನಶೂರನೆಂಬ ಹೆಸರಿಗಾಗಿ ಕವಚ ಕೊಟ್ಟೆಯೋ, ಕೊಡಬೇಕೆನಿಸಿ ಕೊಟ್ಟೆಯೋ?’ ಎಂದು ಕೇಳಿದಾಗ ಅವನು ಒಂದು ಕ್ಷಣ ಸುಮ್ಮನಿದ್ದು, ಮೊದಲು ಹೇಳಿದ್ದನ್ನೇ ಮತ್ತೆ ಮೊದಲಿನಿಂದ ಆರಂಭಿಸಿದ. ಮಾತನ್ನು ಮೊಬೈಲಿನಲ್ಲಿ ಬರೆಸಿಕೊಂಡು ಬಾಯಿಪಾಠ ಮಾಡಿದ್ದೆಂದು ಆಮೇಲೆ ಅವನೇ ಮುಗ್ಧವಾಗಿ ಹೇಳಿದ. ತಪ್ಪು ಹುಡುಗನದಲ್ಲ. ಲಿಖಿತ ಮಾತಿಲ್ಲದೆ, ಎದುರಾಳಿಯ ಮಾತಿನಿಂದಲೇ ತನ್ನ ಮಾತನ್ನು ಹುಟ್ಟಿಸಿಕೊಳ್ಳುವುದೇ ಅರ್ಥಗಾರಿಕೆ ಎಂಬುದನ್ನು ಕಲಿಯಲು ಅವನಿಗೆ ನಾವು ಏನು ಕೊಟ್ಟಿದ್ದೇವೆ? ಒಂದೇ ಕರ್ಣನನ್ನು ಮೂವರು ಹಿರಿಯರು ಮೂರು ಬಗೆಯಾಗಿ ಕಟ್ಟಿದ್ದನ್ನು ಪ್ರಸಂಗ, ಸಂದರ್ಭ, ಹೆಸರು ಸಹಿತ ಕೇಳುವಂತೆ ಮಾಡಿದ್ದರೆ ಅವನು ಬೇರೆ ದಾರಿಯಲ್ಲಿ ಸಿದ್ಧನಾಗುತ್ತಿದ್ದ. ಪದ್ಯದ ವಿಷಯವೂ ಹಾಗೆಯೇ. ಭಾಮಿನಿ ಷಟ್ಪದಿಯಲ್ಲಿ ಪ್ರಸಂಗಪದ್ಯ ಬರೆದುಕೊಡೆಂದು ಕೇಳಿದರೆ ಯಂತ್ರ ಆರು ಸಾಲು ಬರೆದು ಕೊಡುತ್ತದೆ, ಭಾಮಿನಿ ಎಂದು ಹೆಸರೂ ಹಾಕುತ್ತದೆ. ಆದರೆ ನಾನು ನೋಡಿದವುಗಳಲ್ಲಿ ಮೂರು ನಾಲ್ಕರ ಮಾತ್ರಾಗಣ ಎರಡನೆಯ ಸಾಲಿಗೆ ಬರುವಾಗಲೇ ತಪ್ಪಿತ್ತು, ಆದಿಪ್ರಾಸದ ಸುಳಿವೇ ಇರಲಿಲ್ಲ. ನಾಳೆ ಅದು ಮಾತ್ರೆ ಎಣಿಸುವುದನ್ನೂ ಕಲಿಯಬಹುದು. ಅದನ್ನು ಭಾಗವತರ ಜಾಗಟೆಗೋ ತಾಳಕ್ಕೋ ಹೊಂದಿಸಿ ಹಾಡಬಹುದೇ ಎಂದು ಹೇಳುವವರು ಆಗಲೂ ಬೇಕಾಗುತ್ತಾರೆ.

ಆಟದ ಪ್ರಚಾರಕ್ಕೆಂದು ಯಂತ್ರದಿಂದ ಬರೆಸುವ ಚಿತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಡಗಿನ ಕೇದಗೆ ಮುಂದಲೆ ಎಂಬ ಶಿರೋಭೂಷಣಕ್ಕೆ ಕಥಕಳಿಯ ಹಸಿರು ಮುಖ ಸೇರಿಸಿದ ಚಿತ್ರವನ್ನು ಆಹ್ವಾನಪತ್ರಿಕೆಯಲ್ಲಿ ಹಾಕುವ ಮೊದಲು ಸಂಘಟಕರು ಒಬ್ಬ ವೇಷಧಾರಿಗೆ ತೋರಿಸಿದರೆ ಸಾಕು.

ಕರ್ನಾಟಕ ಯಕ್ಷಗಾನ ಅಕಾಡೆಮಿಗೂ ಮೇಳಗಳ ಯಜಮಾನರಿಗೂ ನನ್ನ ಕೋರಿಕೆ ಇಷ್ಟು. ಪ್ರತಿ ಧ್ವನಿಮುದ್ರಣ ಅಥವಾ ನೇರಪ್ರಸಾರಕ್ಕೆ ಒಂದೇ ಪುಟದ ಕನ್ನಡ ಒಪ್ಪಿಗೆಪತ್ರವೊಂದನ್ನು ಸಿದ್ಧಪಡಿಸಬೇಕು. ಅದರಲ್ಲಿ ಊರು, ದಿನಾಂಕ, ಪ್ರಸಂಗ, ಹಾಡು ವಾದ್ಯಗಳ ಹಿಮ್ಮೇಳ, ವೇಷಧಾರಿಗಳ ಮುಮ್ಮೇಳದ ಎಲ್ಲರ ಹೆಸರು ಇರಬೇಕು. ಪ್ರಸಾರಕ್ಕೆ ಒಪ್ಪಿಗೆ ಬೇರೆ, ಮಾರಾಟಕ್ಕೆ ಬೇರೆ, ಯಂತ್ರದ ಕಲಿಕೆಗೆ ಮತ್ತು ಧ್ವನಿಯ ಅನುಕರಣೆಗೆ ಬೇರೆ ಎಂದು ಕಲಾವಿದರು ಒಂದೊಂದಕ್ಕೂ ಪ್ರತ್ಯೇಕವಾಗಿ ಹೌದು ಅಥವಾ ಬೇಡ ಎಂದು ಬರೆಯುವಂತಿರಬೇಕು. ಸಹಿ ಹಾಕುವ ಮೊದಲು ಯಾರಾದರೊಬ್ಬರು ಅದನ್ನು ಓದಿ ಹೇಳಬೇಕು. ಅಗಲಿದ ಭಾಗವತರ, ಅರ್ಥಧಾರಿಗಳ ಮನೆಯವರನ್ನು ಅಕಾಡೆಮಿಯೇ ಸಂಪರ್ಕಿಸಿ ಅವರ ಇಚ್ಛೆಯನ್ನು ದಾಖಲಿಸಬೇಕು. ಕಾಯ್ದೆ ಸ್ಪಷ್ಟವಾಗುವವರೆಗೆ ಆ ಇಚ್ಛೆಯನ್ನು ಮೀರುವುದಿಲ್ಲವೆಂದು ಯಕ್ಷಗಾನ ವಾಹಿನಿಗಳನ್ನು ನಡೆಸುವವರು ಮಾತು ಕೊಟ್ಟರೂ ಬಹಳ ದೊಡ್ಡ ಕೆಲಸವಾದೀತು, ಏಕೆಂದರೆ ಅವರಲ್ಲಿ ಹೆಚ್ಚಿನವರು ಹಣಕ್ಕಾಗಿ ಅಲ್ಲ, ಅಭಿಮಾನದಿಂದಲೇ ಈ ಕೆಲಸಕ್ಕೆ ಇಳಿದವರು. ಚೌಕಿಯಲ್ಲಿ ಚಿತ್ರೀಕರಣ ನಿಷೇಧ ಎಂಬ ಫಲಕವನ್ನು ಪ್ರತಿ ಮೇಳವೂ ಪೆಟ್ಟಿಗೆಯೊಂದಿಗೆ ಒಯ್ಯಬೇಕು.

ಹಳೆಯ ಸಂಗ್ರಹದ ಕೆಲಸಕ್ಕೆ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ, ಆಕಾಶವಾಣಿ ಮಂಗಳೂರು, ಯಕ್ಷಗಾನ ಕಲಾರಂಗದಂಥ ಸಂಸ್ಥೆಗಳ ಅನುಭವ ನಮ್ಮ ಜಿಲ್ಲೆಗಳಲ್ಲೇ ಇದೆ. ಕ್ಯಾಸೆಟ್ ಇಟ್ಟುಕೊಂಡಿರುವ ಮನೆಗಳು, ಕಂಠ ಕೇಳಿದೊಡನೆ ಮದ್ದಳೆ ಯಾರದೆಂದು ಹೇಳಬಲ್ಲ ಹಿರಿಯ ಪ್ರೇಕ್ಷಕರು ಇನ್ನೂ ಇದ್ದಾರೆ. ಅಂಥವರನ್ನು ಕೂರಿಸಿಕೊಂಡು ಹೆಸರಿಲ್ಲದ ಧ್ವನಿಮುದ್ರಣಗಳಿಗೆ ಹೆಸರು ಬರೆಸಿಕೊಳ್ಳಬೇಕು. ಮೇಳಗಳು ತಿರುಗಾಟ ಮುಗಿಸಿ ಕಲಾವಿದರು ಮನೆಯಲ್ಲಿರುವ ಮಳೆಗಾಲವೇ ಇದಕ್ಕೆ ತಕ್ಕ ಸಮಯ. ಮುಂದಿನ ತಿರುಗಾಟಕ್ಕೆ ಮೇಳಗಳು ಹೊರಡುವ ಮೊದಲು ಅಕಾಡೆಮಿ ಈ ಬಗ್ಗೆ ಒಂದು ಸಭೆ ಕರೆಯಬೇಕು. ಯಜಮಾನರು, ಪ್ರಸಿದ್ಧ ಭಾಗವತರ ಜೊತೆಗೆ ಚಂಡೆ ಮದ್ದಳೆಯವರನ್ನೂ ಸ್ತ್ರೀವೇಷದವರನ್ನೂ ವಾಹಿನಿ ನಡೆಸುವ ಯುವಕರನ್ನೂ ಆ ಸಭೆಗೆ ಆಹ್ವಾನಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಒಬ್ಬ ಯಕ್ಷಗಾನ ಪ್ರೇಕ್ಷಕ
ಕುಂದಾಪುರ ತಾಲ್ಲೂಕು